ಶುಕ್ರವಾರದ ಕರಡಿ

ಸವಣೂರಿನಲ್ಲಿ ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಒಂದು ಕಿರಾಣಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ತಡಸದ ಕಡೆ ಕರಡಿ ತೋರಿಸುತ್ತಿದ್ದ ಹಿರಿಯರು ಮೊನ್ನೆ ತೀರಿಕೊಂಡರಲ್ಲ, ಅವರ ಮನೆ ಯಾವುದು ಎಂದು ಕೇಳಿದೆ. ಅಂಗಡಿಯವನು ಸಕ್ಕರೆ ಪೊಟ್ಟಣ ಕಟ್ಟುತ್ತಲೇ, "ಬೆಲ್ಲಾ ಹಚ್ಚಿ ಹೆಣ್ಮಗಳ ಮುಖಾ ಕರಡಿ ಬಾಯಿಗೆ ಕೊಟ್ರಲ್ರಿ, ಅವರ ಮನಿ ಏನ್ರಿ? ಈ ಓಣಿ ಕಡೀಕ, ಹಸರ ಬಾಗಲಾ" ಎಂದ. ಅರವತ್ತೆಂಟು ವರ್ಷ ಬಾಳಿದ ಮನುಷ್ಯನಿಗೆ ಸ್ವಂತ ಊರಿನಲ್ಲಿ ಉಳಿದ ಗುರುತು ಅಷ್ಟೇ.

ಮನೆಯಲ್ಲಿ ಮಗಳೊಬ್ಬಳೇ ಇದ್ದಳು. ಪ್ರಾಥಮಿಕ ಶಾಲೆಯಲ್ಲಿ ಟೀಚರು. ನನ್ನನ್ನು ಗುರುತು ಹಿಡಿದು, ಚಾಪೆ ಹಾಸಿ, ಬೇಡವೆಂದರೂ ಚಹಾ ಮಾಡಿ ತಂದಳು. ಅತ್ತ ಗುರುತು ಮುಖದ ಮೇಲೆ ಇರಲಿಲ್ಲ. ನಾನು ಸಮಾಧಾನದ ನಾಲ್ಕು ಮಾತು ಹುಡುಕುತ್ತಿರುವಾಗ ಅವಳೇ ಶುರು ಮಾಡಿದಳು. "ಅವರು ಮಾಡಿದ್ದಕ್ಕ ನಿಮಗೂ ಭಾಳ ತ್ರಾಸ ಆತ್ರಿ. ಪೇಪರಿನ್ಯಾಗ ನಿಮ್ಮ ತ್ವಾಟದ ಹೆಸರೂ ಬಂತು. ಅವರಂತೂ ಹ್ವಾದ್ರು. ಅವರ ಪರವಾಗಿ ನಾನು ಮಾಫಿ ಕೇಳ್ತೇನ್ರಿ."

"ಇರ್ಲಿ ಬಿಡವಾ" ಎಂದೆ ನಾನು. ಎಂದು ಚಹಾ ಕುಡಿದು, ಕಾರು ಹತ್ತಿ ಬಂದೆ.

ಆ 'ಇರ್ಲಿ ಬಿಡವಾ' ಎನ್ನುವುದಕ್ಕೆ ನನ್ನ ನಾಲಿಗೆ ಹೇಗೆ ಹೊರಳಿತು ಎಂದು ಇವತ್ತಿಗೂ ನನಗೆ ತಿಳಿಯುವುದಿಲ್ಲ. ಏಕೆಂದರೆ ಬೆಲ್ಲ ಹಚ್ಚಿದವರು ಅವರಲ್ಲ. ಹಚ್ಚಿದವಳು ನಾನು. ಹಚ್ಚಬೇಡಿ ಎಂದು ಕೈಮುಗಿದವರು ಅವರು. ಏಳು ವರ್ಷ ನನ್ನ ತಪ್ಪನ್ನು ತಮ್ಮ ಹೆಸರಿನ ಮೇಲೆ ಹೊತ್ತು, ಹೊತ್ತುಕೊಂಡೇ ಮಣ್ಣಿಗೆ ಹೋದರು. ಸತ್ತವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಳ್ಳೆಯದನ್ನೇ ಬರೆಯುತ್ತಾರೆ. ನಾನು ಅವರ ಬಗ್ಗೆ ಬರೆಯಬೇಕಾದರೆ ನನ್ನ ಕೆಟ್ಟದ್ದನ್ನೂ ಬರೆಯಲೇಬೇಕು.

ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಅದು ಒಮ್ಮೆ ಅಚ್ಚಾಗಿ ಹಾಳಾದದ್ದು ಸಾಕು. ನಾವು ಚಾಚಾ ಎನ್ನುತ್ತಿದ್ದೆವು.

ನಮ್ಮದು ಹಂಸಭಾವಿ ಕಡೆಯ ಮನೆತನ. ನಮ್ಮಣ್ಣ ತಡಸದಿಂದ ಪಡುವಣಕ್ಕೆ, ಕಾಡು ಶುರುವಾಗುವಲ್ಲಿ, ಕಲ್ಲುಗುಡ್ಡದ ಬುಡಕ್ಕೆ ಹತ್ತಿಕೊಂಡ ಮೂವತ್ತು ಎಕರೆ ಮಾವಿನ ತೋಟ ಕೊಂಡ. ಮೊಬೈಲಿಗೆ ಸಿಗ್ನಲ್ ಇಲ್ಲ, ಬಸ್ಸಿಗೆ ಮೂರು ಮೈಲಿ ನಡೆಯಬೇಕು. ಇಂಥ ಜಾಗಕ್ಕೇ ಪೇಟೆಯವರು ಮುಗಿಬೀಳುತ್ತಾರೆಂದು ಯಾರೋ ಅವನ ತಲೆಯಲ್ಲಿ ತುಂಬಿದ್ದರು. ಆರು ಕೋಣೆ ಕಟ್ಟಿಸಿ ಅತಿಥಿಗೃಹ ತೆಗೆದ. ಬೋರ್ಡಿನ ಮೇಲೆ ಇಂಗ್ಲಿಷಿನ ಏನೋ ಹೆಸರು, ಸುತ್ತಲಿನವರ ಬಾಯಲ್ಲಿ 'ಕರಡಿ ತ್ವಾಟ'. ಗಂಡ ತೀರಿಕೊಂಡ ಮೇಲೆ ಹಂಸಭಾವಿಯಲ್ಲಿ ಕೂತು ಹತ್ತು ಜನರ ಅನುಕಂಪ ತಿನ್ನುವುದಕ್ಕಿಂತ ಇದೇ ವಾಸಿ ಎಂದು ನಾನು ಅಲ್ಲಿಗೆ ಬಂದು ಅಡಿಗೆಮನೆ, ಕೋಣೆ, ಬುಕಿಂಗ್ ಎಲ್ಲವನ್ನೂ ಕೈಗೆ ತೆಗೆದುಕೊಂಡೆ. ನಾನು ಕೈಗೆ ತೆಗೆದುಕೊಂಡದ್ದನ್ನು ಬಿಡುವವಳಲ್ಲ, ಒಳ್ಳೆಯದಿರಲಿ ಕೆಟ್ಟದ್ದಿರಲಿ.

ಚಾಚಾ ಬಂದದ್ದು ಕರಡಿಗಾಗಿ ಅಲ್ಲ, ವೀಳ್ಯದೆಲೆಯ ಬಳ್ಳಿಗಾಗಿ. ಊಟವಾದ ಮೇಲೆ ಅತಿಥಿಗಳು ಬಳ್ಳಿಯಿಂದಲೇ ಎಲೆ ಕಿತ್ತು ತಿನ್ನಬೇಕೆಂದು ಅಣ್ಣನಿಗೆ ಒಂದು ಹುಚ್ಚು. ಸವಣೂರಿನ ಎಲೆತೋಟದಲ್ಲಿ ಮೂರು ತಲೆಮಾರಿನಿಂದ ಬಳ್ಳಿ ಕಟ್ಟುವ ಮನೆತನದವರೆಂದು ಅವರನ್ನು ಕರೆಸಿದ. ಬಂದವರೇ ಬಳ್ಳಿ ಹಚ್ಚುವ ಜಾಗ ನೋಡುವುದು ಬಿಟ್ಟು ಗುಡ್ಡ ನೋಡುತ್ತ ನಿಂತರು. ಆಮೇಲೆ ಒಂದು ಹುತ್ತದ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಕೆದರಿದ ಮಣ್ಣನ್ನು ಬೆರಳಲ್ಲಿ ಉಜ್ಜಿ, "ಮುಂಜಾನಿ ಬಂದಿತ್ರಿ. ಬೆನ್ನ ಮ್ಯಾಲ ಮರಿ ಐತಿ" ಎಂದರು. ಮರಿ ಇರುವುದು ಹೇಗೆ ಗೊತ್ತಾಯಿತು ಎಂದು ಅಣ್ಣ ಕೇಳಿದ. "ಒಂದ ಕಡೆ ಅಗದು ಬಿಟ್ಟು ಮತ್ತ ಮತ್ತ ಎದ್ದು ಹೋಗೇತಿ. ಕೂಸಿನ ತಾಯಿ ಹಂಗ ಉಣ್ಣೂದ್ರಿ." ಚಿಕ್ಕಂದಿನಲ್ಲಿ ಅವರಪ್ಪನ ಜೊತೆ ಜೇನು ಬಿಚ್ಚಲು ಈ ಗುಡ್ಡಗಳನ್ನೆಲ್ಲ ಅಲೆದವರಂತೆ. ಬಳ್ಳಿಯನ್ನೂ ಹಚ್ಚಿದರು, ಬಳ್ಳಿ ಚೆನ್ನಾಗಿಯೂ ಬಂತು. ಆದರೆ ಆವತ್ತಿನಿಂದ ಅವರ ಕೆಲಸ ಕರಡಿ.

ಗುಡ್ಡದ ಎದುರಿಗೆ, ಹಳ್ಳದ ಈಚೆ ದಂಡೆಗೆ, ಒಂದಾಳೆತ್ತರದ ಕಲ್ಲಿನ ಗೋಡೆ ಕಟ್ಟಿಸಿದರು. ಅದರಲ್ಲಿ ಕಣ್ಣಿಗೊಂದು ಕ್ಯಾಮೆರಾಗೊಂದು ಕಿಂಡಿ. ಆಚೆ ದಂಡೆಯ ಮೇಲೆ ಒಂದು ಹಾಸುಬಂಡೆ. ಸಂಜೆ ನಾಲ್ಕಕ್ಕೆ ಅತಿಥಿಗಳನ್ನು ಗೋಡೆಯ ಹಿಂದೆ ಕೂರಿಸುವ ಮುಂಚೆ ಒಬ್ಬೊಬ್ಬರ ಹತ್ತಿರವೂ ನಿಂತು ಮೂಸುತ್ತಿದ್ದರು. ನಾಚಿಕೆಯಿಲ್ಲ, ಸಂಕೋಚವಿಲ್ಲ. ಸೆಂಟು ಹೊಡೆದುಕೊಂಡವರನ್ನು ವಾಪಸು ಸ್ನಾನಕ್ಕೆ ಕಳಿಸುತ್ತಿದ್ದರು. ಒಬ್ಬ ದೊಡ್ಡ ಸಾಹೇಬರ ಹೆಂಡತಿಗೆ, "ತಲಿಗೆ ಹಚ್ಚಿದ್ದು ಏನ್ರಿ ತಾಯಿ? ಕರಡಿ ನಿಮ್ಮನ್ನ ಹೂವಿನ ಗಿಡ ಅಂತ ತಿಳೀತೈತಿ" ಎಂದಾಗ ಆಕೆ ಸಿಟ್ಟಾಗಿ ನನ್ನ ಹತ್ತಿರ ದೂರು ತಂದಳು. ತಲೆ ತೊಳೆದುಕೊಂಡು ಹೋದಳು ಕೂಡ.

ಅವರ ಅಂಗಿಯ ಜೇಬಿನಲ್ಲಿ ಎಕ್ಕೆಯ ಕಾಯಿಯೊಳಗಿನ ಅರಳೆ ಇರುತ್ತಿತ್ತು. ಗಳಿಗೆಗೊಮ್ಮೆ ಒಂದೆಳೆ ಬಿಟ್ಟು ಗಾಳಿ ಯಾವ ಕಡೆಗಿದೆ ಎಂದು ನೋಡುತ್ತಿದ್ದರು. ಗಾಳಿ ನಮ್ಮಿಂದ ಗುಡ್ಡದ ಕಡೆಗೆ ತಿರುಗಿತೋ, "ಏಳ್ರಿ, ಇವತ್ತ ಮುಗೀತು" ಎಂದು ಎಲ್ಲರನ್ನೂ ಎಬ್ಬಿಸಿಬಿಡುವರು. ಹುಬ್ಬಳ್ಳಿಯ ಒಬ್ಬ ವ್ಯಾಪಾರಿ ಮೂರು ದಿನ ಕೂತೂ ಬರಿಗೈಯಲ್ಲಿ ಎದ್ದ. "ಏನ್ರೀ, ಕರಡಿ ಎಲ್ಲಿ ನಿಮ್ಮದು?" ಎಂದು ಜೋರು ಮಾಡಿದ. "ನೀವು ಬಂದೀರಿ ಅಂತ ಅದಕ್ಕ ಯಾರೂ ಹೇಳಿಲ್ರಿ" ಎಂದರು ಚಾಚಾ, ತಣ್ಣಗೆ.

ಕರಡಿ ಬಾರದ ದಿನ ಬೇರೆಯದನ್ನು ತೋರಿಸುತ್ತಿದ್ದರು. ಮುಳ್ಳುಹಂದಿ ಉದುರಿಸಿ ಹೋದ ಮುಳ್ಳು, ಹಳ್ಳದ ಉಸುಕಿನಲ್ಲಿ ಚಿರತೆಯ ಹೆಜ್ಜೆ, ಮೂಳೆ ಕಚ್ಚಿಕೊಂಡು ಕುಂಟಿದಂತೆ ನಡೆಯುವ ಕತ್ತೆಕಿರುಬ. ನವಿಲು ಕೂಗಿದರೆ ಅದು ಬರಿ ಕೂಗೋ ಎಚ್ಚರಿಕೆಯೋ ಎಂದು ಹೇಳುತ್ತಿದ್ದರು. ಆದರೆ ನನಗೆ ಮರೆಯಲಾಗದ್ದು ಅವರು ಕರಡಿ ಕೇಳಿಸಿದ್ದು. ಒಂದು ಸಂಜೆ ನನ್ನನ್ನೂ ಕೂರಿಸಿಕೊಂಡು, "ಕಣ್ಣು ಮುಚ್ರಿ ಅಕ್ಕಾರ" ಎಂದರು. ಹಳ್ಳದಾಚೆಯಿಂದ ಒಂದು ಸದ್ದು ಬಂತು, ಕುಕ್ಕರು ಸೀಟಿ ಹೊಡೆಯುವ ಮುಂಚೆ ಬುಸುಗುಡುತ್ತದಲ್ಲ, ಹಾಗೆ. ಕರಡಿ ಹುತ್ತಕ್ಕೆ ಬಾಯಿ ಇಟ್ಟು ಗೆದ್ದಲು ಹೀರುವ ಸದ್ದು. ಕಣ್ಣು ಬಿಟ್ಟಾಗ ಕಂಡಿತು, ಮಣ್ಣು ಮೆತ್ತಿದ ಮೂತಿ, ಬೆನ್ನ ಮೇಲಿನ ಕೂದಲಿಗೆ ಜೋತುಬಿದ್ದ ಮರಿ. ನಾನು ಅತ್ತುಬಿಟ್ಟೆ. ಏಕೆ ಅತ್ತೆನೋ, ಮಕ್ಕಳಿಲ್ಲದವಳು ನಾನು, ಅದಕ್ಕಿರಬಹುದು. ಚಾಚಾ ನನ್ನ ಕಡೆ ತಿರುಗಿ ನೋಡಲಿಲ್ಲ. ಅಷ್ಟು ತಿಳಿದವರು.

ಅವರ ಬಾಯಲ್ಲಿ ಒಂದು ಮಾತು ಯಾವಾಗಲೂ ಇರುತ್ತಿತ್ತು: "ನಾವು ನೋಡಾಕ ಬಂದವ್ರು, ಕರಿಯಾಕ ಬಂದವ್ರಲ್ಲ." ರೊಟ್ಟಿ ಚೂರು ಎಸೆಯಬೇಡಿ, ಹಣ್ಣಿನ ಸಿಪ್ಪೆ ಬಿಸಾಡಬೇಡಿ, ಸಿಳ್ಳೆ ಹೊಡೆಯಬೇಡಿ. ಮಗಳಿಗೂ ಇದನ್ನೇ ಹೇಳಿ ಬೆಳೆಸಿದ್ದರು. ರಜೆಯಲ್ಲಿ ಒಮ್ಮೆ ಅವಳು ತನ್ನ ಶಾಲೆಯ ಮಕ್ಕಳನ್ನು ಕರೆತಂದಾಗ ಅಪ್ಪ ಹೇಳುವ ಮುಂಚೆಯೇ ಅವಳು ಮಕ್ಕಳಿಗೆ ಆ ಮಾತು ಹೇಳಿಬಿಟ್ಟಳು. ಚಾಚಾ ಅವತ್ತೆಲ್ಲ ನಗುತ್ತಲೇ ಇದ್ದರು. ಸಂಜೆ ನನ್ನ ಹತ್ತಿರ, "ಅಕ್ಕಾರ, ನನ್ನ ಮಗಳು ಸುಳ್ಳು ಹೇಳಾಕಿ ಅಲ್ಲರಿ, ಸುಳ್ಳು ಕೇಳಾಕಿನೂ ಅಲ್ಲ" ಎಂದರು. ಹೆಮ್ಮೆ ಅವರ ಗಡ್ಡದಲ್ಲೂ ಕಾಣುತ್ತಿತ್ತು.

ಇನ್ನು ನನ್ನ ವಿಷಯ.

ಎರಡನೇ ವರ್ಷ ಅತಿಥಿಗಳು ಕಮ್ಮಿಯಾದರು. ಬಂದವರು ಕರಡಿ ಕಾಣದೆ ಹೋಗಿ, ಅಲ್ಲಿ ಕರಡಿಯೇ ಇಲ್ಲ, ಬರಿ ಮೋಸ ಎಂದು ಫೋನಿನಲ್ಲಿ ಬರೆದು ಹಾಕುತ್ತಿದ್ದರು. ಅಣ್ಣ ತಡಸಕ್ಕೆ ಹೋದಾಗಲೆಲ್ಲ ಅದನ್ನು ಓದಿ ಬಂದು ಹೇಳಿ ನನ್ನ ತಲೆ ತಿನ್ನುತ್ತಿದ್ದ. ಅಷ್ಟರಲ್ಲಿ ಫೋಟೋ ತೆಗೆಯುವವರ ಒಂದು ದೊಡ್ಡ ಗುಂಪು ಬಂತು. ಇವರಿಗೆ ಕರಡಿ ಕಂಡರೆ ತೋಟ ಉಳಿಯುತ್ತದೆ, ಇಲ್ಲದಿದ್ದರೆ ಬೀಗ ಎಂದ ಅಣ್ಣ. ಎರಡು ದಿನ ಕಾಣಲಿಲ್ಲ. ಮೂರನೆಯ ದಿನ ಶುಕ್ರವಾರ.

ಶುಕ್ರವಾರ ಚಾಚಾ ಬೆಳಿಗ್ಗೆಯೇ ನಮಾಜಿಗೆಂದು ಊರಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳುತ್ತಿದ್ದರು. ನಮ್ಮ ಸೋದರಮಾವನದು ಮಾಸೂರಿನಲ್ಲಿ ಕಬ್ಬಿನ ಗಾಣ. ಅಲ್ಲಿಂದ ಬಂದ ಬೆಲ್ಲದ ಪೆಂಟೆಗಳು ಅಡಿಗೆಮನೆಯಲ್ಲಿದ್ದವು. ಗಾಣ ನಡೆಯುವ ದಿನ ಎಲ್ಲೆಲ್ಲಿಂದಲೋ ಇರುವೆ, ಜೇನು, ನಾಯಿ ಎಲ್ಲ ಬಂದು ಸೇರುವುದನ್ನು ಕಂಡು ಬೆಳೆದವಳು ನಾನು. ಬೆಲ್ಲ ಏನನ್ನು ಬೇಕಾದರೂ ಕರೆಯುತ್ತದೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಮ್ಮಲ್ಲಿ ರೊಟ್ಟಿ ಬಡಿಯುತ್ತಿದ್ದ ಗಂಗವ್ವನಿಗೆ ಒಂದು ಪೆಂಟೆ ಕರಗಿಸಿ ಪಾಕ ಮಾಡು ಎಂದೆ. ಗಂಗವ್ವ ಗುಡ್ಡದ ಕೆಳಗಿನ ಊರಿನವಳು, ನಲವತ್ತರ ಹೆಂಗಸು. ಅವಳಷ್ಟು ತೆಳ್ಳಗೆ ಜೋಳದ ರೊಟ್ಟಿ ಬಡಿಯುವವರನ್ನು ನಾನು ನೋಡಿಲ್ಲ. ಏಕೆ ಎಂದು ಕೇಳಲಿಲ್ಲ, ಕುದಿಸಿ ಕೊಟ್ಟಳು. ಪಾಕಕ್ಕೆ ಹುರಿದ ಶೇಂಗಾದ ಪುಡಿ ಕಲಸಿ, ಹಳ್ಳ ದಾಟಿ, ನಾನೇ ನನ್ನ ಕೈಯಾರೆ ಹಾಸುಬಂಡೆಯ ಸಂದುಗಳಿಗೆಲ್ಲ ಮೆತ್ತಿ ಬಂದೆ.

ನಾಲ್ಕೂವರೆಗೆ ಬಿಸಿಲಿರುವಾಗಲೇ ಮೂರು ಕರಡಿ ಬಂದವು. ಫೋಟೋದವರು ಉಸಿರಾಡಲಿಲ್ಲ. ಅಣ್ಣ ನನ್ನ ಕೈ ಹಿಡಿದುಕೊಂಡ.

ಮರುದಿನ ಚಾಚಾ ಹಳ್ಳದಾಚೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಹೋಗಿ ನೋಡಿದರೆ ಕೊಡದಲ್ಲಿ ನೀರು ಹೊತ್ತು ಹೊತ್ತು ಬಂಡೆ ತೊಳೆಯುತ್ತಿದ್ದರು. ಇರುವೆ ಸಾಲು ಅವರಿಗೆ ಎಲ್ಲವನ್ನೂ ಹೇಳಿತ್ತು. ನನ್ನನ್ನು ಕಂಡು ಕೊಡ ಕೆಳಗಿಟ್ಟು, ಎರಡೂ ಕೈ ಮುಗಿದರು. "ಅಕ್ಕಾರ, ಇದೊಂದು ಮಾಡಬ್ಯಾಡ್ರಿ. ಕರಡಿಗೆ ಕಣ್ಣಿಲ್ಲ, ಮೂಗಷ್ಟ ಐತಿ. ಬೆಲ್ಲದ ವಾಸನಿ ಬಂದಲ್ಲೆ ಮನಷ್ಯಾರ ವಾಸನಿನೂ ಬರಾಕತ್ತಿದ್ರ ಅದು ಎರಡೂ ಒಂದ ಅಂತ ತಿಳೀತೈತಿ. ಆಮ್ಯಾಲೆ ಅಂಜೂದಿಲ್ಲರಿ."

ಇನ್ನು ಮಾಡುವುದಿಲ್ಲ ಎಂದೆ. ಮುಂದಿನ ಶುಕ್ರವಾರ ಮತ್ತೆ ಹಚ್ಚಿದೆ.

ಹೀಗೆ ನಮ್ಮಲ್ಲಿ ಶುಕ್ರವಾರದ ಕರಡಿ ಎಂಬುದು ಶುರುವಾಯಿತು. ಶುಕ್ರವಾರ ಹೋದರೆ ಗ್ಯಾರಂಟಿ ಎಂದು ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ, ವಾರದ ಮಿಕ್ಕ ದಿನ ಖಾಲಿಯಿದ್ದರೂ ಆವತ್ತು ಕೋಣೆ ಸಿಗುತ್ತಿರಲಿಲ್ಲ. ಪ್ರತಿ ಶುಕ್ರವಾರ ನಾನು ಹಚ್ಚುವುದು, ಪ್ರತಿ ಶನಿವಾರ ಅವರು ತೊಳೆಯುವುದು. ಅದರ ಬಗ್ಗೆ ಇಬ್ಬರೂ ಮಾತಾಡುತ್ತಿರಲಿಲ್ಲ. ಒಂದು ಸಲ ತಡೆಯಲಾರದೆ ಕೇಳಿದೆ. ಇಷ್ಟು ಬೇಜಾರಿದ್ದರೆ ಕೆಲಸ ಬಿಟ್ಟು ಹೋಗಬಹುದಲ್ಲ ಚಾಚಾ ಎಂದೆ. ಕುಹಕದಿಂದಲೇ ಕೇಳಿದ್ದು, ಸುಳ್ಳೇಕೆ ಹೇಳಲಿ. ಅವರು ಕೊಡ ಎತ್ತಿಕೊಳ್ಳುತ್ತ, "ನಾನು ಹ್ವಾದ್ರ ತೊಳಿಯಾವ್ರು ಯಾರ್ರಿ?" ಎಂದರು.

ಗೋವಿನಜೋಳ ಆಳೆತ್ತರ ಬೆಳೆದಿದ್ದ ದಿನಗಳು. ಆ ಶುಕ್ರವಾರ ಪಾಕ ಉಕ್ಕಿ ಗಂಗವ್ವನ ಸೆರಗಿಗೂ ಕೈಗೂ ಸಿಡಿದಿತ್ತು. ಐದೂವರೆಗೆ ಕೆಲಸ ಮುಗಿಸಿ, ತಲೆಯ ಮೇಲೆ ಒಂದು ಹೊರೆ ಪುಳ್ಳೆ ಇಟ್ಟುಕೊಂಡು, ಹೊಲದ ಬದುವಿನ ಮೇಲೆ ಊರಿನ ಕಡೆ ಹೊರಟಳು. ಸೀರೆ ಬದಲಿಸಿಕೊಂಡು ಹೋಗು ಎನ್ನಬೇಕೆಂದು ನನಗೆ ಹೊಳೆಯಲಿಲ್ಲ. ನಾನು ಅತಿಥಿಗಳಿಗೆ ಮಿರ್ಚಿಭಜಿ ಕರಿಯುವುದರಲ್ಲಿದ್ದೆ.

ಅದೇ ದಾರಿಯಲ್ಲಿ ಎದುರಿನಿಂದ ಚಾಚಾ ಬಸ್ಸಿಳಿದು ಬರುತ್ತಿದ್ದರು. ಜೋಳದೊಳಗಿಂದ ಮರಿಯ ತಾಯಿ ಎದ್ದು ನಿಂತದ್ದನ್ನು ಕಂಡವರು ಅವರು. ಓಡಿ ಬರುವಷ್ಟರಲ್ಲಿ ಆಗಿಹೋಗಿತ್ತು. ಕೊಡೆಯಿಂದ ಹೊಡೆದು, ಮಧ್ಯೆ ಬಿದ್ದು, ತಮ್ಮ ತೋಳನ್ನೂ ಸೀಳಿಸಿಕೊಂಡು ಅದನ್ನು ಓಡಿಸಿದರು. ಗಂಗವ್ವನನ್ನು ಹೆಗಲ ಮೇಲೆ ಹೊತ್ತು ತೋಟಕ್ಕೆ ತಂದಾಗ ಅವರ ಬಿಳಿ ಅಂಗಿ ಯಾವ ಬಣ್ಣಕ್ಕಿತ್ತೆಂದು ನಾನು ಬರೆಯಲಾರೆ. ಗಂಗವ್ವನ ಎಡಗಣ್ಣು, ಮೂಗು, ಮೇಲ್ದುಟಿ ಇರಲಿಲ್ಲ. ಇಷ್ಟನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದೂ ಪ್ರಯೋಜನವಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೂರನೆಯ ದಿನ ಅರಣ್ಯ ಇಲಾಖೆಯವರು ವಿಚಾರಣೆಗೆ ಬಂದರು. ಬಂಡೆಯ ಸಂದಿನಲ್ಲಿ ಬೆಲ್ಲ ಸಿಕ್ಕಿತ್ತು. ಕರಡಿ ಕೆಲಸವೆಲ್ಲ ನಮ್ಮ ಚಾಚಾನದೇ, ನಮಗೇನೂ ಗೊತ್ತಿಲ್ಲ ಎಂದ ಅಣ್ಣ. ಚಾಚಾ ತೋಳಿಗೆ ಪಟ್ಟಿ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದರು. ಹೌದೇನು ಎಂದು ಅಧಿಕಾರಿ ಕೇಳಿದಾಗ ಅವರು ಮೊದಲು ನನ್ನ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಸೆರಗು ಸರಿಮಾಡಿಕೊಂಡು ನೆಲ ನೋಡಿದೆ.

"ಹೌದ್ರಿ. ನಾನ ಹಚ್ಚಿದ್ದು" ಎಂದರು.

ಆಮೇಲೆ ಅಧಿಕಾರಿ ಗಂಗವ್ವನ ಮಂಚದ ಹತ್ತಿರ ಹೋಗಿ ಇವರೇ ಹಚ್ಚುತ್ತಿದ್ದರಾ ಎಂದು ಕೇಳಿದರು. ಬಲಗಣ್ಣೊಂದು ಬಿಟ್ಟು ಮುಖವೆಲ್ಲ ಬಟ್ಟೆ ಸುತ್ತಿದ್ದ ಗಂಗವ್ವ ಕೈಯೆತ್ತಿ ಚಾಚಾನನ್ನು ತೋರಿಸಿದಳು. ನೋವಿನಲ್ಲಿ ಅವಳಿಗೆ ಮತಿ ಸರಿಯಿಲ್ಲ, ಎಲ್ಲರೂ ಹೇಳಿದ್ದನ್ನೇ ಹೇಳುತ್ತಿದ್ದಾಳೆ ಎಂದುಕೊಂಡೆ. ನನಗೆ ಒಳಗೊಳಗೇ ಜೀವ ಬಂದಂತಾಯಿತು. ಇದನ್ನೂ ಬರೆಯಬೇಕು.

ಹನ್ನೊಂದು ದಿನ ಅವರು ಒಳಗಿದ್ದರು. ಆಮೇಲೆ ವರ್ಷಗಟ್ಟಲೆ ಕೋರ್ಟು ತಿರುಗಿದರು. ಇಲಾಖೆಯವರು ಬೋನಿಟ್ಟು ತಾಯಿ ಕರಡಿಯನ್ನು ಹಿಡಿದು ಸಾಗಿಸಿದರು. ಮರಿ ಸಿಗಲೇ ಇಲ್ಲ. ಜಾಮೀನಿನ ಮೇಲೆ ಬಂದ ಮರುದಿನವೇ ಚಾಚಾ ಗುಡ್ಡಕ್ಕೆ ಹೋಗಿ ನಾಲ್ಕು ದಿನ ಅದನ್ನು ಹುಡುಕಿದರಂತೆ. ಆಮೇಲೆ ಸವಣೂರಿಗೆ ಹೋಗಿ ಬೇರೆಯವರ ತೋಟದಲ್ಲಿ ಎಲೆಬಳ್ಳಿ ಕಟ್ಟಿದರು.

ನಾವು ಗೋಡೆ ಕೆಡವಿ, ಕರಡಿ ತೋರಿಸುವುದನ್ನು ನಿಲ್ಲಿಸಿದೆವು. ಗಂಗವ್ವನ ಉಪಚಾರವನ್ನು ಮಾತ್ರ ನಾನು ಬಿಡಲಿಲ್ಲ. ಇಲ್ಲಿಯವರೆಗೆ ಆದ ಐದು ಆಪರೇಷನ್ನಿಗೂ ನಾನೇ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ, ಪಕ್ಕದ ಮಂಚದಲ್ಲಿ ಮಲಗಿದೆ, ಸ್ಟ್ರಾ ಹಾಕಿ ಅಂಬಲಿ ಕುಡಿಸಿದೆ. ಊರವರು ನನ್ನನ್ನು ದೇವತೆ ಎಂದರು. ಬೇಡ ಎನ್ನಲಿಲ್ಲ ನಾನು. ಚಾಚಾ ತಿಂಗಳಿಗೊಮ್ಮೆ ಎಲೆಯ ಕಟ್ಟು ಹಿಡಿದು ಗಂಗವ್ವನನ್ನು ನೋಡಲು ಬರುತ್ತಿದ್ದರು. ಒಮ್ಮೆ ತಡಸದ ಕ್ರಾಸಿನಲ್ಲಿ ಅವರು ಬಸ್ಸಿಗೆ ನಿಂತಿದ್ದರು. ನನ್ನ ಕಾರು ಹತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು. ಅವರು ಈ ಕಡೆ ತಿರುಗುತ್ತಾರೆನಿಸಿ ಗಾಜು ಏರಿಸಿಬಿಟ್ಟೆ.

ಅವರು ಇರುವಾಗ ಬಾಯಿ ಬಿಡದವಳಿಗೆ, ಸತ್ತ ಮೇಲೆ, ಅವರ ಮಗಳು ಮಾಫಿ ಕೇಳಿದ ಮೇಲೆ, ನಿದ್ದೆ ಬಾರದಾಯಿತು. ಎಂಟು ದಿನ ಒದ್ದಾಡಿ ಕೊನೆಗೆ ಗಂಗವ್ವನ ಮನೆಗೆ ಹೋದೆ. ಮೊದಲು ಅವಳಿಗೆ ಹೇಳಬೇಕು, ಮುಖ ಕಳೆದುಕೊಂಡವಳು ಅವಳು. ಗಂಗವ್ವ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಈಗವಳು ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡೇ ಇರುತ್ತಾಳೆ, ನನ್ನ ಮುಂದೆ ಮಾತ್ರ ಇಲ್ಲ.

"ಗಂಗವ್ವಾ, ಚಾಚಾ ಬೆಲ್ಲಾ ಹಚ್ಚಿರಲಿಲ್ಲ. ಹಚ್ಚಿದಾಕಿ ನಾನು" ಎಂದೆ. ಇಷ್ಟು ಹೇಳಲು ನನಗೆ ಏಳು ವರ್ಷ ಬೇಕಾಯಿತು.

ಅವಳ ಕೈ ನಿಲ್ಲಲಿಲ್ಲ. "ಕುದಿಸಿ ಕೊಟ್ಟಾಕಿ ನಾನ ಅಲ್ಲೇನ್ರಿ ಅಕ್ಕಾರ. ನನಗ ಗೊತ್ತಿರಲಿಲ್ಲೇನು?"

ಹಾಗಾದರೆ ಆವತ್ತು ಆಸ್ಪತ್ರೆಯಲ್ಲಿ ಅವರನ್ನೇಕೆ ತೋರಿಸಿದೆ ಎಂದು ಕೇಳಿದೆ.

"ಅವರ ಹೇಳಿಕೊಟ್ಟಿದ್ರು. ಸಾಹೇಬ್ರು ಬರೂಕಿಂತ ಮೊದ್ಲ ಬಂದು ಕಿವ್ಯಾಗ ಹೇಳಿದ್ರು. 'ನನ್ನ ಹೆಸರು ಹೇಳವಾ. ಅವರ ಮ್ಯಾಲೆ ಕೇಸ ಆದ್ರ ಅವರು ತಮ್ಮ ಜೀವಾ ನೋಡ್ಕೋತಾರ, ನಿನ್ನ ಯಾರು ನೋಡ್ತಾರ? ಅಂಜಿಕೊಂಡಿದ್ರ ಮಾತ್ರ ಅವರು ನಿನ್ನ ಕೈ ಬಿಡೂದಿಲ್ಲ' ಅಂದ್ರು." ಗಂಗವ್ವ ಒಂದು ಕಾಯಿ ಬಿಡಿಸಿ ಬುಟ್ಟಿಗೆ ಹಾಕಿದಳು. "ಅವರು ಹೇಳಿದ್ದು ಖರೇ ಆತಲ್ರಿ. ನೀವು ಕೈ ಬಿಡಲಿಲ್ಲ."

ಗುಡ್ಡದ ಪ್ರಾಣಿಗಳನ್ನು ಬಲ್ಲವರು ನನ್ನನ್ನು ಬಲ್ಲರೆಂದು ನಾನು ಯಾವತ್ತೂ ಎಣಿಸಿರಲಿಲ್ಲ. ನಾನು ದಯೆ ಎಂದುಕೊಂಡು ಸುರಿದದ್ದೆಲ್ಲ ಹೆದರಿಕೆ. ಅದನ್ನು ಆ ಮೂರನೆಯ ದಿನವೇ ಅಳೆದು, ಗಂಗವ್ವನ ಉಪಚಾರಕ್ಕೆ ತಮ್ಮ ಹೆಸರನ್ನು ಒತ್ತೆ ಇಟ್ಟಿದ್ದರು. ನನ್ನ ಕಡೆ ಅಷ್ಟು ಹೊತ್ತು ನೋಡಿದ್ದು ಬಹುಶಃ ತಮ್ಮ ಎಣಿಕೆ ತಪ್ಪಲಿ ಎಂದು. ನಾನು ತಪ್ಪಿಸಲಿಲ್ಲ.

"ಮಗಳಿಗೆ ಯಾಕ ಹೇಳಲಿಲ್ಲ ಅವರು?"

"ಆಕಿಗೆ ಹೇಳಿದ್ರ ಆಕಿ ಸುಮ್ಮನ ಕುಂದ್ರಾಕಿ ಅಲ್ಲ, ಸೀದಾ ಹೋಗಿ ಸಾಹೇಬ್ರ ಮುಂದ ಹೇಳಿಬಿಡ್ತಾಳ ಅಂತಿದ್ರು. ನನ್ನ ಆಪರೇಷನ್ ಎಲ್ಲಾ ಮುಗೀಲಿ, ಆಮ್ಯಾಲೆ ಹೇಳ್ತೇನಿ ಅಂತಿದ್ರು." ಗಂಗವ್ವ ಮೊದಲ ಸಲ ಕೈ ನಿಲ್ಲಿಸಿದಳು. "ಕಡೀದು ಇನ್ನೂ ಆಗಿಲ್ಲಲ್ರಿ. ಬರೂ ತಿಂಗಳ ಅಂದಾರ."

ಮರುದಿನ ಭಾನುವಾರ. ಬೆಳಿಗ್ಗೆ ಹತ್ತಕ್ಕೆ ಸವಣೂರಿನ ಆ ಮನೆಯ ಬಾಗಿಲಲ್ಲಿ ನಿಂತೆ. ಮಗಳು ಬಟ್ಟೆ ಒಗೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದಳು. ಒಳಗೆ ಕರೆಯುವ ಮುಂಚೆಯೇ, ಅಲ್ಲೇ ಹೊಸ್ತಿಲ ಹೊರಗೆ ನಿಂತು, ಎಲ್ಲವನ್ನೂ ಹೇಳಿದೆ. ಯಾವುದನ್ನೂ ಸಣ್ಣದು ಮಾಡಲಿಲ್ಲ. ಅವಳು ಬಾಗಿಲ ಚೌಕಟ್ಟು ಹಿಡಿದು ಕೇಳಿದಳು.

"ಗಂಗವ್ವಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ನಿಮ್ಮಣ್ಣಗ?"

"ಗೊತ್ತಿತ್ತವಾ."

ಅವಳು ತಲೆಯಾಡಿಸಿದಳು, ಶಾಲೆಯಲ್ಲಿ ಮಗುವಿನ ಉತ್ತರ ಕೇಳಿಸಿಕೊಂಡಂತೆ. ಬೈಯಲಿ ಎಂದು ಕಾದೆ, ಬೈದಿದ್ದರೆ ಹಗುರವಾಗುತ್ತಿದ್ದೆ. ಅವಳು ಮಾತಾಡಿದಾಗ ನನ್ನ ಕಡೆ ನೋಡುತ್ತಿರಲಿಲ್ಲ. "ಸಾಲ್ಯಾಗ ಹುಡುಗರು ಟೀಚರ್ ಅಪ್ಪ ಹಂಗ, ಟೀಚರ್ ಅಪ್ಪ ಹಿಂಗ ಅಂದಾಗಿಂದ ನಾನು ಅವರ್ನ ಮಾತಾಡಿಸೂದ ಬಿಟ್ಟಿದ್ದೆ. ಎರಡು ತಿಂಗಳ ಹಾಸಿಗಿ ಹಿಡದಿದ್ರು. ಗಂಜಿ ಕುಡಿಸ್ತಿದ್ದೆ, ಮೈ ಒರಸ್ತಿದ್ದೆ, ಬಾಯಿ ಬಿಡ್ತಿರಲಿಲ್ಲ. ಕಡೀ ದಿನ, ಒಂದ ಮಾತು ಆಡವಾ ಅಂದ್ರು."

ಅವಳು ಒಳಗೆ ಸರಿದು ಬಾಗಿಲಿಗೆ ಕೈ ಹಾಕಿದಳು.

"ನಾನು ಆಡಲಿಲ್ರಿ" ಎಂದಳು. ಹೇಳಿ ಬಾಗಿಲು ಹಾಕಿಕೊಂಡಳು.